ಲಾಟೀನು ಆರಲಿಲ್ಲ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಒಂದೇ. ರಂಗದ ಪಕ್ಕದ ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುವುದು. ಪ್ರಾಂಪ್ಟರ್ ಅನ್ನುತ್ತಾರೆ. ಅಣ್ಣ ನನ್ನನ್ನು ಗಿಣಿ ಅನ್ನುತ್ತಿದ್ದ. ತಂಡದವರೆಲ್ಲ ಹಾಗೇ ಕರೆದು ಕರೆದು, ಒಂದು ಕರಪತ್ರದಲ್ಲಿ ಗಿಣಿ ಎಂದೇ ಅಚ್ಚಾಯಿತು. ತಿದ್ದಿಸಲು ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ನಟರಲ್ಲಿ ಎರಡು ಜಾತಿ. ನಿಜವಾಗಿ ಮರೆಯುವವರು ಮತ್ತು ಮರೆತಂತೆ ಕಾಣುವವರು. ಅಣ್ಣ ಎರಡನೆಯ ಜಾತಿ. ಮಾತಿನ ನಡುವೆ ನಿಂತುಬಿಡುತ್ತಿದ್ದ. ನಿಂತ ಅಂದರೆ ನಿಂತ. ಜನ ಮೊದಲು ಸುಮ್ಮನಿರುತ್ತಿದ್ದರು, ಆಮೇಲೆ ಕುರ್ಚಿಯಲ್ಲಿ ಹೊರಳುತ್ತಿದ್ದರು, ಆಮೇಲೆ ಯಾರೋ ಒಬ್ಬರು ಕೆಮ್ಮುತ್ತಿದ್ದರು. ಆ ಕೆಮ್ಮಿನ ಹಿಂದೆಯೇ ಅವನ ಮುಂದಿನ ಮಾತು ಬರುತ್ತಿತ್ತು, ಮತ್ತು ಇಡೀ ಹಾಲ್ ಆ ಒಂದು ಮಾತಿಗೆ ಬೆಚ್ಚಿ ಬೀಳುತ್ತಿತ್ತು. ಜೊತೆಯ ನಟರು ಅವನಿಗೆ 'ನಿಲ್ದಾಣ' ಎಂದು ಅಡ್ಡಹೆಸರಿಟ್ಟಿದ್ದರು. ಅವನು ನಿಂತಾಗ ಹೊರಗೆ ಹೋಗಿ ಟೀ ಕುಡಿದು ಬರಬಹುದು ಎಂದು ನಗುತ್ತಿದ್ದರು. ನಗುವುದು ಸುಲಭ. ಅವರ್ಯಾರಿಗೂ ಎರಡು ನಿಮಿಷ ಸುಮ್ಮನೆ ನಿಲ್ಲಲು ಬರುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ತಪ್ಪು ಮಾಡಿದೆ. ಅಣ್ಣ ಮರೆತಿದ್ದಾನೆ ಎಂದುಕೊಂಡು ಅವನ ಮೌನದ ನಟ್ಟನಡುವೆ ಮಾತು ಎತ್ತಿಕೊಟ್ಟೆ. ಮೊದಲ ಸಾಲಿನವರಿಗೆ ನನ್ನ ಪಿಸುಮಾತು ಕೇಳಿಸಿ, ಯಾರೋ ಕಿಸಕ್ಕೆಂದರು. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದರೆ ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಎರಡು ತಿಂಗಳು ಒಂದೇ ತಟ್ಟೆಗೂಡಿನಿಂದ ತಟ್ಟೆ ತೆಗೆದುಕೊಂಡು ಊಟ ಮಾಡಿದೆವು, ಒಂದು ಮಾತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ನನಗೇ ಬುದ್ಧಿ ಹೇಳಿದಳು.

ಎರಡು ತಿಂಗಳಾದ ಮೇಲೆ ಅವನೇ ಬಂದು ನಿಯಮ ಹೇಳಿದ.

"ನಿಂತಾಗ ಬಲಗೈ ಬೆನ್ನ ಹಿಂದೆ ಇಟ್ಕೋತೀನಿ. ಜನಕ್ಕೆ ಕಾಣಲ್ಲ, ನಿನಗೆ ಕಾಣುತ್ತೆ. ಮುಷ್ಟಿ ಬಿಗಿ ಹಿಡಿದಿದ್ರೆ ಬಾಯಿ ಮುಚ್ಕೊಂಡಿರು. ಕೈ ಬಿಚ್ಚಿದ್ರೆ ಮಾತು ಕೊಡು. ಮುಷ್ಟಿ ಇರೋವರೆಗೂ ಹಾಲ್‌ಗೆ ಬೆಂಕಿ ಬಿದ್ರೂ ನೀನು ಉಸಿರೆತ್ತಬಾರ್ದು."

ಉಸಿರೆತ್ತಲಿಲ್ಲ. ಮುಂದಿನ ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೈ ಬಿಚ್ಚಿದ್ದು ನಾಲ್ಕೇ ಸಲ.

ಆಮೇಲೆ ಹಾಲ್ ಮುಚ್ಚಿತು. ಈಗ ಅಲ್ಲಿ ಸೋಫಾ ಮಾರುತ್ತಾರೆ. ನಾನು ಒಮ್ಮೆ ಒಳಗೆ ಹೋಗಿದ್ದೆ. ನನ್ನ ಸ್ಟೂಲು ಇದ್ದ ಜಾಗದಲ್ಲಿ ಮೂರು ಜನ ಕೂರುವ ಕಂದು ಸೋಫಾ ಇತ್ತು. ಕೂತು ನೋಡಿ ಮೇಡಂ ಎಂದು ಅಂಗಡಿಯವಳು ಒತ್ತಾಯ ಮಾಡಿದಳು. ಕೂರಲಿಲ್ಲ.

ಮುಚ್ಚುವ ವಾರ ಅಣ್ಣನ ಹೊಸ ನಾಟಕ ಆಗಬೇಕಿತ್ತು. ಅವನೇ ಬರೆದದ್ದು, ಒಬ್ಬನೇ ಆಡುವುದು. ಒಬ್ಬ ಮುದಿ ಅಂಬಿಗ, ಸೇತುವೆ ಬಂದ ಮೇಲೆ ದೋಣಿಗೆ ಜನ ಬರದಿದ್ದರೂ ದಿನಾ ಲಾಟೀನು ಹಿಡಿದು ದಡದಲ್ಲಿ ನಿಲ್ಲುವವನು. ತಾಲೀಮು ಮುಗಿದಿತ್ತು, ಬಟ್ಟೆ ಹೊಲಿಸಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತಿಗೆ ಅದೇ ವರ್ಷ ತೀರಿಹೋದಳು. ಅಣ್ಣ ಮಗಳ ಮನೆ ಸೇರಿದ. ಅಲ್ಲಿ ಅವನಿಗೆಂದು ಒಂದು ಸಣ್ಣ ಕೋಣೆ, ಕಿಟಕಿಯ ಪಕ್ಕ ಮಂಚ, ಎದುರಿಗೆ ಮಗಳ ಹಳೆಯ ಕಂಪ್ಯೂಟರ್. ಆ ಅಂಬಿಗನನ್ನು ಒಂದು ಸಲವಾದರೂ ಜನರ ಮುಂದೆ ಆಡದೆ ಸಾಯುವುದಿಲ್ಲ ಎಂದು ನೋಡಲು ಹೋದವರಿಗೆಲ್ಲ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಎಪ್ಪತ್ತಾಯಿತು.

ದಾರಿ ತೋರಿಸಿದ್ದು ನಮ್ಮ ಲೈಟಿನವನು. ಹಾಲಿನಲ್ಲಿ ಇಪ್ಪತ್ತು ವರ್ಷ ದೀಪ ನೋಡಿಕೊಂಡಿದ್ದವನು, ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಐವತ್ತು ದಾಟಿದ ಗಂಡಸು, ರಜೆಯ ದಿನ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಗುಡ್ಡ ಅಗೆಯುವ ಆಟ ಆಡುತ್ತಾನೆ ಎಂದು ಗೊತ್ತಾದಾಗ ನನಗೆ ನಗು ಬಂತು. ಆ ಆಟದಲ್ಲಿ ಒಂದು ಪ್ರಪಂಚವೇ ಇದೆ. ಎಲ್ಲೆಲ್ಲಿಯೋ ಕೂತ ಸಾವಿರಾರು ಜನ ಅದರೊಳಗೆ ಒಂದೊಂದು ಗೊಂಬೆಯಾಗಿ ಓಡಾಡುತ್ತಾರೆ. ಕಲ್ಲು ಒಡೆಯುತ್ತಾರೆ, ಮನೆ ಕಟ್ಟುತ್ತಾರೆ, ಕತ್ತಲಾದರೆ ಭೂತಗಳು ಬರುತ್ತವೆ, ಕತ್ತಿ ಹಿಡಿದು ಬಡಿದಾಡುತ್ತಾರೆ. ಮಾತಾಡಿದರೆ ಹತ್ತಿರ ನಿಂತ ಗೊಂಬೆಗಳಿಗೆ ಕೇಳಿಸುತ್ತದೆ.

"ಅಕ್ಕಾ, ಅಲ್ಲಿ ನದಿ ಇದೆ" ಎಂದ ಅವನು. "ದೋಣಿ ಇದೆ. ಸೂರ್ಯ ಮುಳುಗ್ತಾನೆ, ಅದೂ ಗಂಟೆಗೊಂದು ಸಲ. ನಾನು ಜೀವಮಾನವಿಡೀ ಕೆಂಪು ಕಾಗದ ಅಂಟಿಸಿ ಸಂಜೆ ಮಾಡ್ದವನು. ಇಲ್ಲಿ ಟೈಮ್ ನೋಡ್ಕೊಂಡು ನಾಟಕ ಶುರು ಮಾಡಿದ್ರೆ ಸಾಕು, ಸಂಜೆ ತಾನಾಗೇ ಬರುತ್ತೆ."

"ಜನ?"

"ಜನ ಬರ್ತಾರೆ. ಕತ್ತಿ ಹಿಡ್ಕೊಂಡು ಬರ್ತಾರೆ, ಅಷ್ಟೆ."

ಊರಿಗೊಂದು ದಾರಿಯಾದರೆ ಇವರಿಗೊಂದು ದಾರಿ ಎಂದು ನಾನು ಬೈದೆ. ಆದರೆ ಅಣ್ಣನ ಮುಖ ನೋಡಿ ಸುಮ್ಮನಾದೆ. ಹಾಲ್ ಮುಚ್ಚಿದ ಮೇಲೆ ಆ ಮುಖದಲ್ಲಿ ಆ ಬೆಳಕು ನಾನು ನೋಡಿರಲಿಲ್ಲ.

ಮೂರು ತಿಂಗಳು ತಾಲೀಮು ನಡೆಯಿತು. ಲೈಟಿನವನು ನದಿಯ ದಂಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ ಕಟ್ಟಿದ. ಅಣ್ಣ ತನ್ನ ಕೋಣೆಯಿಂದ, ಲೈಟಿನವನು ಅವನ ಮನೆಯಿಂದ, ನಾನು ಎರಡು ಬಸ್ಸು ದೂರದ ನನ್ನ ಮನೆಯಿಂದ. ಕಿವಿಗೆ ಹೆಡ್‌ಫೋನ್. ನನ್ನ ಮೈಕು ಸದಾ ತೆರೆದಿರುತ್ತಿತ್ತು, ಆದರೆ ನನ್ನ ದನಿ ಅವರಿಬ್ಬರಿಗೆ ಮಾತ್ರ ಕೇಳಿಸುವಂತೆ ಲೈಟಿನವನು ಮಾಡಿಕೊಟ್ಟಿದ್ದ. ಅಣ್ಣನ ಮೈಕು ಹಾಗಲ್ಲ. ಒಂದು ಗುಂಡಿ ಒತ್ತಿ ಹಿಡಿದಿದ್ದಾಗ ಮಾತ್ರ ದನಿ ಹೊರಗೆ ಬರುವುದು. ಇಲ್ಲದಿದ್ದರೆ ಪಕ್ಕದ ಮನೆಯ ಕುಕ್ಕರಿನ ಸೀಟಿ ನದಿ ದಂಡೆಯಲ್ಲಿ ಕೇಳಿಸಿಬಿಡುತ್ತಿತ್ತು.

ತೊಂದರೆ ಬಂದದ್ದು ಮುಷ್ಟಿಯ ವಿಷಯದಲ್ಲಿ. ಆ ಗೊಂಬೆಗೆ ಮುಷ್ಟಿ ಇಲ್ಲ. ಬೆರಳೇ ಇಲ್ಲ. ಕೈಯಲ್ಲಿ ಲಾಟೀನು ಹಿಡಿಯಬಹುದು, ಒಂದು ಗುಂಡಿ ಒತ್ತಿದರೆ ಅದು ಹೊತ್ತಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಸರಿ, ನಿಲ್ಲುವಾಗ ಲಾಟೀನು ಹೊತ್ತಿಸು, ಮಾತು ಬೇಕಾದರೆ ಆರಿಸು ಎಂದು ಮಾಡಿಕೊಂಡೆವು. ಹಳೆಯ ನಿಯಮವೇ: ಶ್ರಮಪಟ್ಟು ಹಿಡಿದಿದ್ದರೆ ಮೌನ, ಬಿಟ್ಟರೆ ಮಾತು. ಆದರೆ ಅಣ್ಣ ಭಾವದಲ್ಲಿ ಮುಳುಗಿದಾಗ ಗುಂಡಿ ಒತ್ತುವುದನ್ನೇ ಮರೆಯುತ್ತಿದ್ದ. ಲಾಟೀನು ಆರಿದೆ ಎಂದು ನಾನು ಮಾತು ಕೊಡುತ್ತಿದ್ದೆ. ಅವನು ಗೊಂಬೆಯನ್ನು ದಂಡೆಯಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದ. ಒಂದೇ ವಾರದಲ್ಲಿ ಎರಡು ಸಲ ಜಗಳವಾಯಿತು.

ಆಗ ನಾನೇ ಹೇಳಿದೆ. ಬೇರೆ ಯಾರೂ ಅಲ್ಲ, ನಾನೇ.

"ಹಾಗಾದ್ರೆ ತಿರುಗಿಸಿಬಿಡೋಣ. ಲಾಟೀನು ಮೊದಲಿಂದ ಕೊನೇವರೆಗೂ ಉರೀತಾನೇ ಇರಲಿ. ಉರೀತಿದ್ರೆ ನಾನು ಬಾಯಿ ಬಿಡಲ್ಲ. ಮಾತು ಬೇಕಾದಾಗ ಮಾತ್ರ ನೀನು ಗುಂಡಿ ಒತ್ತಿ ಆರಿಸು."

"ಗಿಣಿಗೆ ಕೊನೆಗೂ ಬುದ್ಧಿ ಬಂತು" ಎಂದ ಅಣ್ಣ.

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ನಾನು ಹಿಗ್ಗಿದೆ. ನಾನು ತಿರುಗಿಸಿದ್ದು ಏನನ್ನು ಎಂದು ಯೋಚಿಸಲಿಲ್ಲ. ಮನುಷ್ಯನಿಗೆ ಏನಾದರೂ ಆದರೆ ಬಿಗಿದ ಕೈ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗೊಂಬೆಯ ಕೈಯಲ್ಲಿ ಉರಿಯುವ ಲಾಟೀನು ತಾನಾಗಿ ಆರುವುದಿಲ್ಲ. ಅದನ್ನು ಆರಿಸಲು ಒಂದು ಬೆರಳು ಬೇಕು.

ಆಟದ ಹಿಂದಿನ ದಿನ ಅಣ್ಣ ಫೋನ್ ಮಾಡಿ ಇನ್ನೊಂದು ಮಾತು ಹೇಳಿದ್ದ. "ಗಿಣಿ, ಅಲ್ಲಿ ಯಾರೂ ಕೆಮ್ಮಲ್ಲ, ಗೊತ್ತಾಯ್ತಾ? ಕೆಮ್ಮಿದ್ರೂ, ಮೈಕಿನ ಗುಂಡಿ ಒತ್ತದೆ ಕೇಳ್ಸಲ್ಲ. ನನ್ನನ್ನ ಅವಸರಪಡಿಸೋರೇ ಇಲ್ಲ. ನದಿ ದಂಡೇಲಿ ನಿಂತು ಆಚೆ ದಡ ಕೂಗ್ತೀನಲ್ಲ, ಅದಾದ ಮೇಲೆ ಎಷ್ಟು ಹೊತ್ತು ನಿಲ್ತೀನಿ ಅಂತ ನನಗೇ ಗೊತ್ತಿಲ್ಲ. ನೋಡ್ತಾ ಇರು."

ಭಾನುವಾರ ಮಧ್ಯಾಹ್ನ ಮೂರೂವರೆಗೆ ಶುರುವಾಯಿತು. ಅಣ್ಣನ ಮಗಳಿಗೆ ಕನ್ನಡಕದ ಅಂಗಡಿಯಲ್ಲಿ ಭಾನುವಾರವೂ ಕೆಲಸ, ಮನೆಯಲ್ಲಿ ಅವನೊಬ್ಬನೇ. ನಾನು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಪಕ್ಕದಲ್ಲಿ ನಾಟಕದ ಪುಸ್ತಕ ಬಿಚ್ಚಿಕೊಂಡು ಕೂತೆ. ಮೆಟ್ಟಿಲ ಮೇಲೆ ಅರವತ್ತನಾಲ್ಕು ಗೊಂಬೆಗಳು ಬಂದು ಕೂತವು. ಕಬ್ಬಿಣದ ಟೋಪಿಯವರು, ಕೊಡಲಿಯವರು, ಕರಡಿ ತಲೆಯ ಒಬ್ಬ, ಬೆಂಕಿ ಕಾರುವ ಕೋಲು ಹಿಡಿದ ಒಬ್ಬಳು. ಲೈಟಿನವನ ನಾಲ್ಕು ಗೆಳೆಯರು ಕತ್ತಿ ಹಿಡಿದು ಸುತ್ತ ಕಾವಲು ನಿಂತರು, ನಾಟಕದ ನಡುವೆ ಭೂತ ಬರಬಾರದಲ್ಲ. ಇಷ್ಟು ಆಯುಧಧಾರಿಗಳ ಮುಂದೆ ನಮ್ಮ ತಂಡ ಎಂದೂ ಆಡಿರಲಿಲ್ಲ.

ಮೊದಲ ಹತ್ತು ನಿಮಿಷ ಅವರಲ್ಲಿ ಕೆಲವರು ಜಿಗಿದಾಡುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ನಿಂತರು. ಅಣ್ಣನ ದನಿ ಅಂಥದು. ಅಂಬಿಗ ಸೇತುವೆಯನ್ನು ಬೈದ, ದೋಣಿಯ ತೂತಿಗೆ ಹಳೆಯ ಅಂಗಿ ತುರುಕಿದ ಕಥೆ ಹೇಳಿದ, ಮಗ ಸೇತುವೆಯ ಮೇಲೆಯೇ ನಡೆದುಹೋದದ್ದನ್ನು ಹೇಳಿದ. ಒಂದು ಮಾತೂ ತಪ್ಪಲಿಲ್ಲ. ಸೂರ್ಯ ಹೇಳಿದ ಹೊತ್ತಿಗೆ ಸರಿಯಾಗಿ ಮುಳುಗಿದ. ಲೈಟಿನವನು ನನ್ನ ಕಿವಿಯಲ್ಲಿ, "ನೋಡಿ ಅಕ್ಕಾ, ನೋಡಿ" ಎಂದು ಮಗುವಿನಂತೆ ಪಿಸುಗುಟ್ಟಿದ. ನನಗೂ ಕಣ್ಣು ತುಂಬಿ ಪುಸ್ತಕ ಮಸುಕಾಯಿತು.

ಅಂಬಿಗ ನೀರಿನ ಅಂಚಿಗೆ ಹೋದ. ಲಾಟೀನು ಉರಿಯುತ್ತಿತ್ತು.

"ಆಚೆ ದಡದಲ್ಲಿ ಯಾರಾದರೂ ಇದ್ದೀರಾ?"

ಆಮೇಲೆ ಮೌನ. ಪುಸ್ತಕದಲ್ಲಿ ಮುಂದಿನ ಮಾತಿನ ಮೇಲೆ ನನ್ನ ಬೆರಳು ಇತ್ತು: 'ಇದ್ದರೆ ಒಂದು ಸಲ ಕೂಗಿ. ದೋಣಿ ಇನ್ನೂ ಬಿಟ್ಟಿಲ್ಲ.' ನನ್ನ ಗೋಡೆ ಗಡಿಯಾರದಲ್ಲಿ ನಾಲ್ಕು ಹತ್ತು.

ಒಂದು ನಿಮಿಷ. ಎರಡು. ಗೊಂಬೆಗಳು ಅಲುಗಾಡಲಿಲ್ಲ. ಮೂರನೇ ನಿಮಿಷಕ್ಕೆ ಕೊಡಲಿಯವನೊಬ್ಬ ಎದ್ದು ಅಂಬಿಗನ ಹತ್ತಿರ ಹೊರಟ. ಕರಡಿ ತಲೆಯವನು ಅಡ್ಡ ನಿಂತ. ಪರದೆಯ ಮೂಲೆಯಲ್ಲಿ ಅವನು ಟೈಪ್ ಮಾಡಿದ್ದು ಕಾಣಿಸಿತು: ಸುಮ್ನಿರು, ನಾಟಕ ನಡೀತಿದೆ. ನಾಲ್ಕನೇ ನಿಮಿಷ ದಾಟಿತು. ಹಾಲಿನಲ್ಲಿ ಅಣ್ಣ ನಿಂತದ್ದರಲ್ಲಿ ಅತಿ ಉದ್ದದ್ದು ಅಷ್ಟೇ ಇತ್ತು. ನನಗೆ ಹೆಮ್ಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ, ಆ ಹೊತ್ತಿನಲ್ಲಿ ನನಗೆ ಆದದ್ದು ಹೆಮ್ಮೆ. ಕೆಮ್ಮುವವರಿಲ್ಲದ ಜಾಗ ಕೊನೆಗೂ ಸಿಕ್ಕಿತು, ಈಗ ನೋಡಲಿ ಎಲ್ಲರೂ, ಎಂದುಕೊಂಡೆ.

ಆರನೇ ನಿಮಿಷದಲ್ಲಿ ಲೈಟಿನವನ ದನಿ ಬಂತು. "ಅಕ್ಕಾ, ಜಾಸ್ತಿ ಆಗ್ಲಿಲ್ವಾ?"

"ಲಾಟೀನು ಉರೀತಿದೆ. ನಿಮ್ಮ ಕೆಲಸ ನೀವು ನೋಡಿ."

 ಎಂಟು. ಒಂಬತ್ತು. ನದಿಯ ಮೇಲೆ ಚಂದ್ರ ಬಂದ. ಹತ್ತು ನಿಮಿಷ ಆಡುವವರು ಒಂದು ಗುಂಡಿಯನ್ನೂ ಮುಟ್ಟದಿದ್ದರೆ ಆ ಆಟವೇ ಗೊಂಬೆಯನ್ನು ಹೊರಗೆ ಹಾಕುತ್ತದಂತೆ. ಅಂಬಿಗ ಇದ್ದಕ್ಕಿದ್ದಂತೆ ಇಲ್ಲವಾದ. ಲಾಟೀನೂ ಅವನ ಜೊತೆಗೇ ಹೋಯಿತು, ಉರಿಯುತ್ತಲೇ. ದಂಡೆ ಖಾಲಿ.

ಆ ಪ್ರಪಂಚದಲ್ಲಿ ಚಪ್ಪಾಳೆ ಇಲ್ಲ, ಅಲ್ಲಿನವರು ಅದಕ್ಕೆ ಬದಲು ಜಿಗಿಯುತ್ತಾರೆ. ಅರವತ್ತನಾಲ್ಕು ಗೊಂಬೆಗಳು ಕತ್ತಿ, ಕೊಡಲಿ ಸಮೇತ ಒಟ್ಟಿಗೆ ಜಿಗಿಯತೊಡಗಿದವು. ನಾನು ಪುಸ್ತಕ ನೋಡಿದೆ. ಇನ್ನೂ ಮೂರು ಪುಟ ಉಳಿದಿತ್ತು.

ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಆಮೇಲೆ ಮಗಳ ಅಂಗಡಿಗೆ ಮಾಡಿದೆ. ಅವಳು ಮನೆ ಮುಟ್ಟುವಾಗ ಇಪ್ಪತ್ತೈದು ನಿಮಿಷ ಆಗಿತ್ತು. ಅವನು ಕುರ್ಚಿಯಿಂದ ಜಾರಿ ಮಂಚಕ್ಕೂ ಮೇಜಿಗೂ ನಡುವೆ ಬಿದ್ದಿದ್ದ. ಮೈಕಿನ ಗುಂಡಿ ಬಿಟ್ಟುಹೋಗಿದ್ದರಿಂದ ಬಿದ್ದ ಸದ್ದೂ ನನಗೆ ಕೇಳಿಸಿರಲಿಲ್ಲ. ಕಣ್ಣು ತೆರೆದಿತ್ತಂತೆ. ಹೆಡ್‌ಫೋನ್ ಕಿವಿಯಲ್ಲೇ ಇತ್ತಂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ ಎಂದು. ನಾಲ್ಕು ಹತ್ತಕ್ಕೆ ಎಂದೆ. ಅಷ್ಟು ನಿಖರವಾಗಿ ಹೇಳಿದ್ದಕ್ಕೆ ಅವರು ತಲೆಯೆತ್ತಿ ನೋಡಿ ಬರೆದುಕೊಂಡರು. ಮಿದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿದೆ, ಬಲಗೈ ಬಲಗಾಲು ಹೋಗಿದೆ, ಮಾತು ಹೋಗಿದೆ ಎಂದರು. ಆಮೇಲೆ ಕಾರಿಡಾರಿನಲ್ಲಿ ಅವರು ಒಬ್ಬರೇ ಸಿಕ್ಕಾಗ ಹಿಡಿದು ನಿಲ್ಲಿಸಿದೆ.

"ಹತ್ತು ನಿಮಿಷ ಮೊದಲೇ ಗೊತ್ತಾಗಿದ್ರೆ?"

"ಹತ್ತು ನಿಮಿಷದಿಂದ ಏನು ಉಳೀತಿತ್ತೋ ಏನಿಲ್ವೋ, ಹೇಳೋಕಾಗಲ್ಲ ಅಮ್ಮ. ಬೇಗ ಬಂದಷ್ಟೂ ಒಳ್ಳೇದು, ಅಷ್ಟೇ ಹೇಳಬಹುದು."

ಏನೂ ಉಳಿಯುತ್ತಿರಲಿಲ್ಲ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ. ನೀನೇ ಹಾಳು ಮಾಡಿದೆ ಎಂದಿದ್ದರೂ ಒಂದು ಗತಿ ಕಾಣುತ್ತಿತ್ತು. 'ಹೇಳೋಕಾಗಲ್ಲ' ಎಂಬುದನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು? ದಿನಕ್ಕೊಂದು ಲೆಕ್ಕ ಹಾಕುತ್ತಿದ್ದೆ. ಮೊದಲ ನಿಮಿಷಕ್ಕೇ ಬಾಯಿ ಬಿಟ್ಟಿದ್ದರೆ ತನ್ನ ಹೆಸರು ಹೇಳುವಷ್ಟಾದರೂ ಅವನ ನಾಲಿಗೆ ಉಳಿಯುತ್ತಿತ್ತೇನೋ. ಐದನೆಯದಕ್ಕಾದರೆ ಕೈಯ ಹೆಬ್ಬೆರಳು.

ಮಗಳು ಕೇಳಿದಾಗ ಸುಳ್ಳು ಹೇಳಿದೆ.

"ಅತ್ತೆ, ನೀವು ಲೈನಲ್ಲೇ ಇದ್ರಲ್ಲ. ತಕ್ಷಣ ಗೊತ್ತಾಗ್ಲಿಲ್ವಾ?"

"ಲೈನ್ ಕಟ್ ಆಗೋಯ್ತು ಕಣೇ. ನೆಟ್‌ವರ್ಕ್ ಇರ್ಲಿಲ್ಲ. ಮತ್ತೆ ಸಿಕ್ಕಿದಾಗ ಗೊಂಬೆ ಇರ್ಲಿಲ್ಲ."

ಲೈಟಿನವನು ಪಕ್ಕದಲ್ಲೇ ನಿಂತಿದ್ದ. ತಲೆ ತಗ್ಗಿಸಿದ, ಏನೂ ಅನ್ನಲಿಲ್ಲ. ಮಾತು ಬೆಳ್ಳಿ ಮೌನ ಬಂಗಾರ ಅಂತಾರೆ. ನಮ್ಮ ಮನೆಯಲ್ಲಿ ಆ ಬಂಗಾರ ಅತಿಯಾಯಿತು.

ಅತ್ತ ಆ ಆಟದ ಜನ ಅಣ್ಣನನ್ನು ಹೊಗಳಿದ್ದೇ ಹೊಗಳಿದ್ದು. ಅಂಬಿಗ ಹತ್ತು ನಿಮಿಷ ಉತ್ತರಕ್ಕೆ ಕಾದು ಗಾಳಿಯಲ್ಲಿ ಕರಗಿಹೋದ ಎಂದು ಅವರಿಗೆ ಅರ್ಥವಾಗಿತ್ತು. ಅವನು ನಿಂತಿದ್ದ ಜಾಗದಲ್ಲಿ ಒಂದು ಲಾಟೀನು ನೆಟ್ಟಿದ್ದಾರೆ, ಅದನ್ನು ಯಾರೂ ಕೀಳುವುದಿಲ್ಲ, ದಿನಾ ಯಾರಾದರೂ ಹೋಗಿ ಸುಮ್ಮನೆ ನಿಂತು ಬರುತ್ತಾರೆ ಎಂದು ಲೈಟಿನವನು ಹೇಳಿದ. ಮುಂದಿನ ಆಟ ಯಾವಾಗ ಎಂದು ಕೇಳುತ್ತಿದ್ದಾರಂತೆ. ನನ್ನ ಮುಂದೆ ಅದನ್ನು ಹೇಳಬೇಡಿ ಎಂದು ಗದರಿದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಆದರೆ ಅವರದೇನು ತಪ್ಪು? ಅವರು ಕಂಡದ್ದನ್ನು ನಂಬಿದರು. ನಾನೂ ಅಷ್ಟೇ ಮಾಡಿದ್ದು.

ಅಣ್ಣ ಐದು ವಾರಕ್ಕೆ ಮನೆಗೆ ಬಂದ. ನಾನು ನನ್ನ ಮನೆಗೆ ಬೀಗ ಹಾಕಿ ಅಲ್ಲಿಗೇ ಹೋಗಿ ನಿಂತೆ. ಮಗಳು ಅಂಗಡಿಗೆ ಹೋದರೆ ಅವನಿಗೆ ಗಂಜಿ ಕುಡಿಸುವುದು, ಒರೆಸುವುದು, ಹೊರಳಿಸುವುದು ನನ್ನ ಪಾಲು. ಅವನಿಗೆ ಎಲ್ಲ ಅರ್ಥವಾಗುತ್ತದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಣ್ಣು ಹಿಂಬಾಲಿಸುತ್ತಿತ್ತು. ಬಾಯಿಂದ ಬರುತ್ತಿದ್ದುದು 'ಆ' ಎಂಬ ಒಂದು ಸದ್ದು, ಅದೂ ಸಿಟ್ಟು ಬಂದಾಗ.

ಮತ್ತು ಆ ಬಲಗೈ. ಮೊದಲ ವಾರ ಒದ್ದೆ ಬಟ್ಟೆಯ ಹಾಗೆ ಸಡಿಲ ಬಿದ್ದಿದ್ದದ್ದು ನಿಧಾನವಾಗಿ ಬಿಗಿಯತೊಡಗಿತು. ಮೊದಲು ಕಿರುಬೆರಳು ಮಡಚಿತು, ಆಮೇಲೆ ಉಳಿದವು. ತಿಂಗಳೆರಡಾಗುವಾಗ ಉಗುರು ಅಂಗೈಗೆ ಒತ್ತುವಷ್ಟು ಗಟ್ಟಿ ಮುಷ್ಟಿ. ಇಂಥ ಕಾಯಿಲೆಯಲ್ಲಿ ಹೀಗಾಗುತ್ತದೆ ಎಂದು ಫಿಸಿಯೋಥೆರಪಿಗೆ ಬರುವ ಹುಡುಗಿ ಹೇಳಿದಳು. ಸ್ನಾಯು ತಾನಾಗಿ ಎಳೆದುಕೊಳ್ಳುತ್ತದಂತೆ, ಅವರ ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲವಂತೆ. ಅವಳಿಗೆ ಗೊತ್ತಿರುವುದು ಅವಳಿಗೆ. ನಾನು ಅವನ ಪಕ್ಕ ಕೂತು, ಅಣ್ಣ, ನಿನಗೊಂದು ಹೇಳಬೇಕು ಎಂದು ಶುರು ಮಾಡುವುದು, ಆ ಮುಷ್ಟಿಯ ಮೇಲೆ ಕಣ್ಣು ಬೀಳುವುದು, ನಾಲಿಗೆ ಅಲ್ಲೇ ನಿಲ್ಲುವುದು. ಎಷ್ಟು ದಿನ ಹೀಗಾಯಿತೋ ಲೆಕ್ಕವಿಲ್ಲ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ ಮೂಳೆಗೆ ಇಳಿದಿರುತ್ತದೆ.

ಮೂರನೇ ತಿಂಗಳು, ಮಾತು ಕಲಿಸುವ ಡಾಕ್ಟರು ರೋಗಿಗೆ ಅವರದೇ ಹಳೆಯ ದನಿ ಕೇಳಿಸಿ ನೋಡಿ ಎಂದರು. ಮಗಳು ಲೈಟಿನವನನ್ನು ಕೇಳಿದಳು. ಅವನ ಹತ್ತಿರ ಇದ್ದದ್ದು ಆ ದಿನದ ರೆಕಾರ್ಡಿಂಗ್. ಪಾಪ, ಒಳ್ಳೆಯದಾಗಲಿ ಎಂದು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅದರಲ್ಲಿ ಅಣ್ಣನ ದನಿ ಇತ್ತು, ಜೊತೆಗೆ ನಮ್ಮ ಹೆಡ್‌ಫೋನಿನಲ್ಲಿ ಕೇಳಿಸುತ್ತಿದ್ದದ್ದೆಲ್ಲ ಇತ್ತು ಎಂಬುದು ಲೈಟಿನವನಿಗೆ ಹೊಳೆಯಲಿಲ್ಲ.

ಮಗಳು ಮೊದಲು ತಾನೊಬ್ಬಳೇ ಕೇಳಿದಳು. ಆ ದಿನ ನಾನು ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದೆ. ಬಂದು ಬಾಗಿಲಲ್ಲಿ ನಿಂತಳು.

"ಲೈನ್ ಕಟ್ ಆಗಿರ್ಲಿಲ್ಲ ಅತ್ತೆ."

ನಾನು ಬೇಳೆಯಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟೆ.

"ಹತ್ತು ನಿಮಿಷ ನಿಮ್ಮ ಉಸಿರು ಕೇಳಿಸುತ್ತೆ. ನಡುವೆ ಲೈಟಿನ ಮಾಮ ಕೇಳಿದ್ರು. ನಿಮ್ಮ ಕೆಲಸ ನೀವು ನೋಡಿ ಅಂದ್ರಿ."

"ಅಂದೆ."

"ಯಾಕೆ ಅತ್ತೆ?"

ಹೇಳಿದೆ. ಎರಡು ತಿಂಗಳ ಮುನಿಸು, ಮುಷ್ಟಿ, ಲಾಟೀನು, ಅದನ್ನು ತಿರುಗಿಸಿದವಳು ನಾನೇ ಎಂಬುದು, ಎಲ್ಲ. ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಹೇಳಿದೆ. ಹೇಳುವಾಗ ಎಷ್ಟು ಸಣ್ಣ ವಿಷಯ ಅನಿಸಿತು. ಎರಡು ಮುದಿ ಮಕ್ಕಳ ಆಟದ ನಿಯಮ. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಅಪ್ಪನ ಮಗಳೇ. 

ಆಮೇಲೆ, "ಅಪ್ಪಂಗೆ ಹೇಳಿದ್ದೀರಾ?" ಎಂದಳು.

"ಇಲ್ಲ."

"ನನಗೆ ಹೇಳಿ ಏನು ಪ್ರಯೋಜನ ಅತ್ತೆ? ಆ ಹತ್ತು ನಿಮಿಷ ಕಾದಿದ್ದು ನಾನಲ್ಲ."

ಅಷ್ಟು ಹೇಳಿ ನನ್ನ ಮುಂದಿನ ಮೊರ ಎತ್ತಿಕೊಂಡು ಬೇಳೆ ತೊಳೆಯಲು ಹೋದಳು. ಆ ಮಾತು ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತು ನಿಮಿಷ ಕಾದವಳು ನಾನು ಎಂದೇ ತಿಳಿದಿದ್ದೆ. ಮೇಜಿನ ಬುಡದಲ್ಲಿ ಬಿದ್ದವನ ಕಿವಿಯಲ್ಲಿ ಹೆಡ್‌ಫೋನ್ ಇತ್ತು. ಅವನಿಗೆ ಎಚ್ಚರವಿದ್ದರೆ ನನ್ನ ಉಸಿರು ಕೇಳಿಸುತ್ತಿತ್ತು. ತಂಗಿ ಅಲ್ಲೇ ಇದ್ದಾಳೆ, ಈಗ ಕೂಗುತ್ತಾಳೆ, ಈಗ ಕೂಗುತ್ತಾಳೆ ಎಂದು ಅವನು ಕಾದಿರಬೇಕು. ಲಾಟೀನು ಉರಿಯುತ್ತಿದೆ ಎಂದು ನಾನು ಹೇಳಿದ್ದೂ ಕೇಳಿಸಿರುತ್ತದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಫಿಸಿಯೋಥೆರಪಿ ಹುಡುಗಿ ಬಂದಳು. ಮಗಳು ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು, ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿಸುತ್ತಿತ್ತು. ಹುಡುಗಿ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಅಣ್ಣನ ಮಣಿಕಟ್ಟಿಗೆ ಸುತ್ತಿದಳು, ಆಮೇಲೆ ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳು ಬಿಡಿಸತೊಡಗಿದಳು. ಮೊದಲು ಹೆಬ್ಬೆರಳು. ಆಮೇಲೆ ಒಂದೊಂದೇ. ಅಣ್ಣ ನೋವಿಗೆ ಕಣ್ಣು ಕಿರಿದು ಮಾಡಿದ.

"ಸ್ವಲ್ಪ ತಡ್ಕೊಳ್ಳಿ ಅಂಕಲ್, ಆಯ್ತು, ಆಯ್ತು."

ಕೈ ಬಿಚ್ಚಿತು. ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು, ನಡುವೆ ಬೆವರಿನಿಂದ ಬೆಳ್ಳಗಾದ ಚರ್ಮ. ನಾನು ನನ್ನ ಕುರ್ಚಿಯನ್ನು ಅವನ ಕಿವಿಯ ಹತ್ತಿರಕ್ಕೆ ಎಳೆದುಕೊಂಡೆ.

"ಅಣ್ಣ, ಲೈನ್ ಇತ್ತು. ನಾನು ಅಲ್ಲೇ ಇದ್ದೆ. ನೀನು ನಟನೆ ಮಾಡ್ತಿದ್ದೀಯ ಅಂದ್ಕೊಂಡು ಸುಮ್ನಿದ್ದೆ. ತಪ್ಪು ನಂದು."

ಅವನು ನನ್ನನ್ನು ನೋಡಿದ. ಹುಡುಗಿ ಗಾಬರಿಯಾಗಿ ಒಮ್ಮೆ ನನ್ನನ್ನೂ ಒಮ್ಮೆ ಅವನನ್ನೂ ನೋಡಿದಳು, ಆದರೆ ಬೆರಳು ಬಿಡಲಿಲ್ಲ. ಕೈ ಇನ್ನೂ ಬಿಚ್ಚಿಯೇ ಇತ್ತು. ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ.

"ಇದ್ದರೆ ಒಂದು ಸಲ..." ಎಂದು ಪಿಸುಗುಟ್ಟಿದೆ.

ಅವನ ತುಟಿ ಅಲುಗಿತು. ಅಷ್ಟೇ. 'ಆ' ಎಂಬುದೂ ಬರಲಿಲ್ಲ. ಹುಡುಗಿ ಬಟ್ಟೆ ಮತ್ತೆ ಅದ್ದಲು ಕೈ ಬಿಟ್ಟಳು. ಬೆರಳುಗಳು ಒಂದೊಂದಾಗಿ ಒಳಗೆ ಮಡಚಿಕೊಂಡು, ಮೊದಲಿನ ಹಾಗೆ ಮುಷ್ಟಿಯಾದವು. ಅಣ್ಣ ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಆ ಬಣ್ಣದ ಕೋಣೆಯಲ್ಲಿ ತಿರುಗಿಸಿದ ಹಾಗೆಯೇ. ಸಿಟ್ಟೋ, ಅಳುವೋ, ಬರೀ ಕತ್ತಿನ ಆಯಾಸವೋ, ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಮುಷ್ಟಿ ನನ್ನ ಕಣ್ಣ ಮುಂದೆಯೇ ಇತ್ತು, ಬಿಗಿಯಾಗಿ. ನನ್ನ ನಾಲಿಗೆ ಹಳೆಯ ಹಾಗೆ ಅಲ್ಲೇ ನಿಲ್ಲಲು ನೋಡಿತು.

ನಿಲ್ಲಿಸಲಿಲ್ಲ. "ಇದ್ದರೆ ಒಂದು ಸಲ ಕೂಗಿ. ದೋಣಿ ಇನ್ನೂ ಬಿಟ್ಟಿಲ್ಲ" ಎಂದೆ, ಪಿಸುದನಿಯಲ್ಲಿ ಅಲ್ಲ, ಜೋರಾಗಿ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮುಂದಿನ ಮಾತು ಹೇಳಿದೆ, ಅದರ ಮುಂದಿನದು ಹೇಳಿದೆ. ಪುಸ್ತಕ ಬೇಕಾಗಲಿಲ್ಲ. ಗೋಡೆಯ ಕಡೆ ತಿರುಗಿದ ಆ ತಲೆಗೆ, ಉಳಿದಿದ್ದ ಮೂರು ಪುಟವನ್ನೂ ಕೊನೆಯ ಮಾತಿನವರೆಗೆ ಹೇಳಿ ಮುಗಿಸಿದೆ.